ಉಷ್ಣವಲಯದ ಶಾಲೆಗಳಲ್ಲಿ ಕ್ರೀಡೆ ಮತ್ತು ಹೌಸ್ ಸ್ಪರ್ಧೆಗಳು: ತಾಂಡವಪುರದ ಬಯಲನ್ನು ಕುರಿತ ಒಂದು ವಿವೇಚನೆ

1. ಪ್ರಸ್ತಾವನೆ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ, ರೈಲುಮಾರ್ಗಕ್ಕೆ ಸಮೀಪವಾಗಿ, ತಾಂಡವಪುರವಿದೆ. ಒಂದು ಮಗ್ಗುಲಲ್ಲಿ ಹೊಲಗದ್ದೆಗಳು, ಇನ್ನೊಂದು ಮಗ್ಗುಲಲ್ಲಿ ಈಚಿನ ದಶಕಗಳಲ್ಲಿ ಬೆಳೆದ ಕೈಗಾರಿಕಾ ಪ್ರದೇಶ. ದಕ್ಷಿಣಕ್ಕೆ ಕಪಿಲಾ ನದಿ, ಪೂರ್ವಕ್ಕೆ ಹೋದರೆ ಆ ನದಿಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ. ಈ ಸೀಮೆಯ ಶಾಲೆಗಳ ಬಯಲುಗಳಲ್ಲಿಯೂ, ನಾಡಿನ ಇತರ ಕಡೆಗಳಲ್ಲಿರುವಂತೆಯೇ, ಮಕ್ಕಳನ್ನು ಕೆಂಪು, ನೀಲಿ, ಹಸಿರು, ಹಳದಿ ಎಂದು ನಾಲ್ಕು ಹೌಸ್‌ಗಳಾಗಿ ವಿಂಗಡಿಸಿ ಅವುಗಳ ನಡುವೆ ವರ್ಷಕ್ಕೊಮ್ಮೆ ಕ್ರೀಡಾಸ್ಪರ್ಧೆಗಳನ್ನು ನಡೆಸುವ ಪದ್ಧತಿ ರೂಢಿಗೆ ಬಂದಿದೆ.

ಈ ಪದ್ಧತಿಯ ಗುಣಗಳನ್ನು ಕುರಿತು ಶಿಕ್ಷಣಶಾಸ್ತ್ರದ ಗ್ರಂಥಗಳು ಸಾಕಷ್ಟು ಹೇಳಿವೆ. ಅದು ಒಗ್ಗಟ್ಟನ್ನು ಕಲಿಸುತ್ತದೆ. ಹಿರಿಯ ವಿದ್ಯಾರ್ಥಿಗಳಿಗೆ ಹೊಣೆಗಾರಿಕೆಯನ್ನು ಕೊಡುತ್ತದೆ. ತರಗತಿಯಲ್ಲಿ ಹಿಂದುಳಿದ ಮಗುವಿಗೂ ಮೆಚ್ಚುಗೆಯ ಒಂದು ದಾರಿಯನ್ನು ತೆರೆಯುತ್ತದೆ. ಇವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪದ್ಧತಿಯೊಂದು ಹುಟ್ಟಿದ ನೆಲವನ್ನೂ ಅದು ಬಂದು ನೆಲೆಸಿದ ನೆಲವನ್ನೂ ಒಟ್ಟಿಗೆ ಇಟ್ಟು ನೋಡುವ ಕೆಲಸ ನಮ್ಮಲ್ಲಿ ಕಡಮೆ. ಪ್ರಸ್ತುತ ಲೇಖನದಲ್ಲಿ ನಾವು ಕೇಳುವ ಪ್ರಶ್ನೆ ಇಷ್ಟೆ: ತಂಪು ನಾಡಿನ ವಸತಿಶಾಲೆಗಾಗಿ ರೂಪುಗೊಂಡ ಸ್ಪರ್ಧೆಯನ್ನು, ಹನ್ನೆರಡು ಡಿಗ್ರಿ ಉತ್ತರ ಅಕ್ಷಾಂಶದ ಹಗಲುಶಾಲೆಯಲ್ಲಿ ಯಾವ ಹೊತ್ತಿನಲ್ಲಿ, ಯಾವ ಬಗೆಯಲ್ಲಿ ನಡೆಸಬೇಕು?

2. ಹೌಸ್ ಪದ್ಧತಿ ಬಂದ ದಾರಿ

ಹೌಸ್ ಎಂದರೆ ಮೂಲತಃ ಮನೆಯೇ. 19ನೆಯ ಶತಮಾನದ ಇಂಗ್ಲೆಂಡಿನ ರಗ್ಬಿ, ಹ್ಯಾರೊ, ಈಟನ್ ಮೊದಲಾದ ವಸತಿಶಾಲೆಗಳಲ್ಲಿ ಹುಡುಗರು ಅಧ್ಯಾಪಕನೊಬ್ಬನ ಮೇಲ್ವಿಚಾರಣೆಯಲ್ಲಿ ಒಂದೊಂದು ಕಟ್ಟಡದಲ್ಲಿ ವಾಸಿಸುತ್ತಿದ್ದರು. ಉಣ್ಣುವುದು, ಮಲಗುವುದು, ಓದುವುದು ಎಲ್ಲವೂ ಅಲ್ಲಿಯೇ. ಒಂದು ಮನೆಯವರು ಇನ್ನೊಂದು ಮನೆಯವರೊಡನೆ ಆಡಿದುದೇ ಹೌಸ್ ಪಂದ್ಯವಾಯಿತು. ಭಾರತದಲ್ಲಿ ಇದು ರಾಜಕುಮಾರರ ಶಿಕ್ಷಣಕ್ಕಾಗಿ ಏರ್ಪಟ್ಟ ಶಾಲೆಗಳಲ್ಲಿ ಕಾಣಿಸಿಕೊಂಡಿತು. 1875ರಲ್ಲಿ ಸ್ಥಾಪಿತವಾದ ಅಜ್ಮೀರದ ಮೇಯೊ ಕಾಲೇಜಿನಲ್ಲಿ ದೇಶೀಯ ಸಂಸ್ಥಾನಗಳ ಹೆಸರಿನ ವಸತಿಗೃಹಗಳೇ ಹೌಸ್‌ಗಳಾದವು. 1935ರಲ್ಲಿ ಡೆಹರಾಡೂನಿನಲ್ಲಿ ಆರಂಭವಾದ ಡೂನ್ ಶಾಲೆಯಲ್ಲಿಯೂ ಕ್ರಮ ಅದೇ.

ಕನ್ನಡನಾಡಿನಲ್ಲಿ ಇದರ ಒಳ್ಳೆಯ ನಿದರ್ಶನ 1963ರಲ್ಲಿ ಪ್ರಾರಂಭವಾದ ವಿಜಯಪುರದ ಸೈನಿಕ ಶಾಲೆ. ಅಲ್ಲಿನ ಹೌಸ್‌ಗಳಿಗೆ ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ, ಆದಿಲ್‌ಶಾಹಿ, ಒಡೆಯರ್ ಎಂದು ಈ ನೆಲವನ್ನಾಳಿದ ಮನೆತನಗಳ ಹೆಸರುಗಳನ್ನಿಟ್ಟರು. 1986ರಿಂದ ಹಬ್ಬಿದ ಜವಾಹರ್ ನವೋದಯ ವಿದ್ಯಾಲಯಗಳಲ್ಲಿ ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂಬ ಬೆಟ್ಟಗಳ ಹೆಸರುಗಳಿವೆ. ಇವೆಲ್ಲವೂ ವಸತಿಶಾಲೆಗಳು. ಹೆಸರು ಬದಲಾಯಿತು, ಬಣ್ಣ ಬದಲಾಯಿತು. ಮಕ್ಕಳು ರಾತ್ರಿ ಹಗಲು ಅಲ್ಲಿಯೇ ಇರುತ್ತಾರೆಂಬ ಆಧಾರ ಮಾತ್ರ ಬದಲಾಗಲಿಲ್ಲ.

ಹಗಲುಶಾಲೆಗೆ ಇದು ಬಂದಾಗ ಆ ಆಧಾರವೇ ಕಳಚಿತು. ತಾಂಡವಪುರದ ಸುತ್ತಣ ಹಳ್ಳಿಗಳ ಮಗುವಿಗೆ ಮನೆ ಎಂದರೆ ತನ್ನ ಮನೆಯೇ. ಅದು ಬಸ್ಸಿನಲ್ಲಿಯೋ ಕಾಲ್ನಡಿಗೆಯಲ್ಲಿಯೋ ಬೆಳಿಗ್ಗೆ ಬಂದು, ಶಾಲೆ ಬಿಟ್ಟೊಡನೆ ಹೊರಡುತ್ತದೆ. ಸಂಜೆಯ ಬಸ್ಸು ತಪ್ಪಿದರೆ ಕತ್ತಲಾಗುತ್ತದೆ. ಹೌಸ್ ಎಂಬುದು ಇಲ್ಲಿ ಒಂದು ಬಣ್ಣ, ಒಂದು ಪಟ್ಟಿಯಲ್ಲಿನ ಹೆಸರು. ಈ ವ್ಯತ್ಯಾಸ ಸಾಮಾನ್ಯವಾದುದೆಂದು ತೋರಬಹುದು. ಆದರೆ ಕ್ರೀಡೆಯ ಮಟ್ಟಿಗೆ ಎಲ್ಲವೂ ಅದರ ಮೇಲೆಯೇ ನಿಂತಿದೆ. ವಸತಿಶಾಲೆಗೆ ಮುಂಜಾವು ಮತ್ತು ಮುಸ್ಸಂಜೆಗಳು ಸ್ವಂತ. ಹಗಲುಶಾಲೆಗೆ ಸ್ವಂತವಾದುದು ಸುಮಾರು 10 ಗಂಟೆಯಿಂದ ನಾಲ್ಕೂವರೆಯವರೆಗಿನ ಹೊತ್ತು ಮಾತ್ರ. ಉಷ್ಣವಲಯದಲ್ಲಿ ಆಟಕ್ಕೆ ಯೋಗ್ಯವಾದ ಹೊತ್ತು ಮೊದಲನೆಯದು. ನಮ್ಮ ಕೈಯಲ್ಲಿರುವುದು ಎರಡನೆಯದು.

3. ಸೂರ್ಯನೂ ಗಡಿಯಾರವೂ

ತಾಂಡವಪುರ ಸಮುದ್ರಮಟ್ಟದಿಂದ 650 ಮೀಟರಿಗೂ ಮೇಲಿರುವ ಮೈದಾನದ ಊರು. ಎತ್ತರದ ದೆಸೆಯಿಂದ ಇಲ್ಲಿನ ಗಾಳಿ ಕರಾವಳಿಯಷ್ಟು ಬೇಗೆಯದಲ್ಲ. ಮೈಸೂರು ಸೀಮೆಯಲ್ಲಿ ಹಗಲಿನ ಗರಿಷ್ಠ ಉಷ್ಣಮಾನ ಜನವರಿಯಲ್ಲಿ ಸರಾಸರಿ 28 ಡಿಗ್ರಿ ಸೆಲ್ಸಿಯಸ್‌ನ ಸುಮಾರಿನಲ್ಲಿಯೂ, ಏಪ್ರಿಲ್‌ನಲ್ಲಿ 34 ಡಿಗ್ರಿಯ ಸುಮಾರಿನಲ್ಲಿಯೂ ಇರುತ್ತದೆ. ಈ ಅಂಕಗಳನ್ನು ಮಾತ್ರ ನೋಡಿದವರು ಇಲ್ಲಿ ಬಿಸಿಲಿನ ಚಿಂತೆ ಬೇಕಿಲ್ಲವೆಂದು ತೀರ್ಮಾನಿಸಬಹುದು. ಆದರೆ ಉಷ್ಣಮಾಪಕವನ್ನು ನೆರಳಿನಲ್ಲಿಟ್ಟು ಅಳೆಯುತ್ತಾರೆ. ಮಕ್ಕಳು ಓಡುವುದು ಬಿಸಿಲಿನಲ್ಲಿ.

ಸೂರ್ಯನ ಎತ್ತರವನ್ನು ಲೆಕ್ಕ ಹಾಕಿ ನೋಡೋಣ. ಲಂಡನ್ ನಗರದಲ್ಲಿ ವರ್ಷದ ಅತ್ಯಂತ ದೀರ್ಘವಾದ ಹಗಲಿನಲ್ಲಿ ಸೂರ್ಯ ಏರುವುದು ಕ್ಷಿತಿಜದಿಂದ ಸುಮಾರು 62 ಡಿಗ್ರಿ. ಅದಕ್ಕಿಂತ ಮೇಲೆ ಅಲ್ಲಿ ಎಂದಿಗೂ ಏರುವುದಿಲ್ಲ. ತಾಂಡವಪುರದಲ್ಲಿ ಡಿಸೆಂಬರ್ 21ರ ಮಧ್ಯಾಹ್ನದಲ್ಲಿಯೇ ಸೂರ್ಯ 54 ಡಿಗ್ರಿಗೂ ಮಿಗಿಲಾದ ಎತ್ತರದಲ್ಲಿರುತ್ತಾನೆ. ನವೆಂಬರ್ ಮೊದಲ ವಾರದಿಂದ ಫೆಬ್ರವರಿ ಮೊದಲ ವಾರದವರೆಗಿನ ಮೂರು ತಿಂಗಳು ಮಾತ್ರ ನಮ್ಮ ಮಧ್ಯಾಹ್ನದ ಸೂರ್ಯ ಲಂಡನ್ನಿನ ನಡುಬೇಸಗೆಯ ಸೂರ್ಯನಿಗಿಂತ ಕೆಳಗಿರುತ್ತಾನೆ. ಉಳಿದ ಒಂಬತ್ತು ತಿಂಗಳು ಅದಕ್ಕಿಂತ ಮೇಲೆ. ಏಪ್ರಿಲ್ ಮತ್ತು ಆಗಸ್ಟ್ ತಿಂಗಳುಗಳ ಮೂರನೆಯ ವಾರದ ಹೊತ್ತಿಗೆ ನೆತ್ತಿಯ ಮೇಲೆಯೇ. ಹೌಸ್ ಪಂದ್ಯಗಳನ್ನು ರೂಪಿಸಿದವರು ನಮ್ಮ ಚಳಿಗಾಲದ ಸೂರ್ಯನನ್ನೇ ತಮ್ಮ ಬೇಸಗೆಯ ಶಿಖರವೆಂದು ಅರಿತಿದ್ದರು.

ಇನ್ನು ಗಡಿಯಾರದ ಮಾತು. ಭಾರತದ ಶಿಷ್ಟಕಾಲವನ್ನು 82½ ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದೆ. ತಾಂಡವಪುರವಿರುವುದು ಹೆಚ್ಚುಕಡಮೆ 76.7 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ, ಇಲ್ಲಿನ ನಿಜವಾದ ನಡುಹಗಲು ಗಡಿಯಾರದ 12 ಗಂಟೆಗಿಂತ ಸರಾಸರಿ 23 ನಿಮಿಷ ತಡವಾಗಿ ಬರುತ್ತದೆ. ಫೆಬ್ರವರಿಯ ನಡುವಿನಲ್ಲಿ 12-37ಕ್ಕೆ. ನೆಲ ಕಾದು ಗಾಳಿಗೆ ಬಿಸಿಯೇರಲು ಇನ್ನೆರಡು ಗಂಟೆಗಳಾದರೂ ಹಿಡಿಯುತ್ತವೆ. ಆದುದರಿಂದ ದಿನದ ಪರಮಾವಧಿ ಕಾವು ಎರಡೂವರೆಯಿಂದ ಮೂರೂವರೆಯ ನಡುವೆ. ಊಟದ ವಿರಾಮ ಮುಗಿದ ಮೇಲೆ ಓಟದ ಸ್ಪರ್ಧೆಗಳನ್ನು ಇಟ್ಟುಕೊಳ್ಳುವ ಶಾಲೆ, ಬಿಸಿಲು ಇಳಿಯಿತೆಂಬ ಭ್ರಮೆಯಿಂದ, ದಿನದ ಕಾವಿನ ಶಿಖರವನ್ನೇ ಆರಿಸಿಕೊಂಡಂತಾಗುತ್ತದೆ.

4. ಮಗುವಿನ ದೇಹವೂ ಶಾಖವೂ

ಸ್ನಾಯುಗಳು ಖರ್ಚುಮಾಡುವ ಶಕ್ತಿಯಲ್ಲಿ ಕಾಲುಭಾಗದಷ್ಟು ಮಾತ್ರ ಚಲನೆಯಾಗುತ್ತದೆ, ಉಳಿದುದೆಲ್ಲ ಶಾಖ. 30 ಕಿಲೋಗ್ರಾಂ ತೂಕದ ಮಗು ಒಂದು ಕಿಲೋಮೀಟರ್ ಓಡಿದರೆ ಸ್ಥೂಲವಾಗಿ 30 ಕಿಲೋಕ್ಯಾಲರಿ ವ್ಯಯವಾಗಿ, ಅದರಲ್ಲಿ 22-23 ಕಿಲೋಕ್ಯಾಲರಿ ಶಾಖವಾಗಿ ಉಳಿಯುತ್ತದೆ. ಆ ದೇಹದ ಉಷ್ಣಮಾನವನ್ನು ಒಂದು ಡಿಗ್ರಿ ಏರಿಸಲು ಬೇಕಾದುದು ಸುಮಾರು 25 ಕಿಲೋಕ್ಯಾಲರಿ. ಅಂದರೆ, ಶಾಖ ಹೊರಹೋಗುವ ದಾರಿಯೇ ಇಲ್ಲದಿದ್ದರೆ, ಒಂದು ಕಿಲೋಮೀಟರಿನ ಓಟ ಮೈಯನ್ನು ಹೆಚ್ಚುಕಡಮೆ ಒಂದು ಡಿಗ್ರಿ ಬಿಸಿಮಾಡುತ್ತದೆ. ದಾರಿ ಇರುವುದು ಬೆವರಿನಲ್ಲಿ. ಒಂದು ಲೀಟರ್ ಬೆವರು ಆವಿಯಾದರೆ 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಮೇಲಿನ ಓಟದ ಶಾಖಕ್ಕೆ ಸುಮಾರು 40 ಮಿಲಿಲೀಟರ್ ಸಾಕು. ಆದರೆ ಆವಿಯಾಗಬೇಕೆಂಬುದನ್ನು ಮರೆಯಬಾರದು. ಹನಿಯಾಗಿ ನೆಲಕ್ಕೆ ಬಿದ್ದ ಬೆವರು ನೀರನ್ನು ಕಳೆದೀತೇ ಹೊರತು ಮೈಯನ್ನು ತಂಪುಮಾಡುವುದಿಲ್ಲ.

ಈ ಲೆಕ್ಕದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಒಂದೇ ಓಟ ಅಪಾಯಕಾರಿಯಲ್ಲ. ಅಪಾಯವಿರುವುದು ಸರಣಿಯಲ್ಲಿ: ಬೆಳಿಗ್ಗೆ ಪಥಸಂಚಲನ, ಅನಂತರ ಅರ್ಹತೆಯ ಓಟ, ಅಂತಿಮ ಓಟ, ಹಗ್ಗಜಗ್ಗಾಟ, ರಿಲೇ, ಇವುಗಳ ನಡುವೆ ತನ್ನ ಹೌಸ್‌ನ ಬಾವುಟವನ್ನು ಹಿಡಿದು ಬಿಸಿಲಿನಲ್ಲಿ ನಿಂತು ಕೂಗುವುದು.

ಗಾಳಿಯ ಬಿಸಿ, ತೇವ, ಬಿಸಿಲಿನ ಭಾರ ಈ ಮೂರನ್ನೂ ಒಂದುಗೂಡಿಸಿ ಅಳೆಯುವ ಸೂಚ್ಯಂಕವನ್ನು ಅಮೆರಿಕದ ಮರೀನ್ ಸೈನಿಕರ ತರಬೇತಿ ಶಿಬಿರಗಳಿಗಾಗಿ ಯಗ್ಲೂ ಮತ್ತು ಮಿನಾರ್ಡ್ ಎಂಬ ವಿಜ್ಞಾನಿಗಳು 1957ರಲ್ಲಿ ಪ್ರಕಟಿಸಿದರು. ಅದರಲ್ಲಿ ಒದ್ದೆಬಟ್ಟೆ ಸುತ್ತಿದ ಮಾಪಕದ ಅಂಕಕ್ಕೆ ಹತ್ತರಲ್ಲಿ ಏಳು ಪಾಲು, ಬಿಸಿಲಿಗೊಡ್ಡಿದ ಕಪ್ಪುಗೋಳದ ಅಂಕಕ್ಕೆ ಎರಡು ಪಾಲು, ಸಾಮಾನ್ಯ ಉಷ್ಣಮಾನಕ್ಕೆ ಒಂದು ಪಾಲು. ಉದಾಹರಣೆಗಾಗಿ ಕೆಲವು ಅಂಕಗಳನ್ನು ಊಹಿಸಿಕೊಳ್ಳೋಣ. ಒಣಹವೆಯ ಮಧ್ಯಾಹ್ನ, ಗಾಳಿ 32, ಒದ್ದೆಮಾಪಕ 24, ಕಪ್ಪುಗೋಳ 45 ಡಿಗ್ರಿ ಇದ್ದರೆ ಸೂಚ್ಯಂಕ 29. ಮಳೆಗಾಲದ ಮೋಡದ ಮಧ್ಯಾಹ್ನ, ಗಾಳಿ 29, ಒದ್ದೆಮಾಪಕ 25, ಕಪ್ಪುಗೋಳ 33 ಇದ್ದರೆ ಸೂಚ್ಯಂಕ 27. ಗಾಳಿ ಮೂರು ಡಿಗ್ರಿ ತಂಪಾಗಿದ್ದು, ಬಿಸಿಲೇ ಇಲ್ಲದಿದ್ದರೂ ದೇಹದ ಮೇಲಿನ ಭಾರ ಇಳಿದುದು ಎರಡೇ ಡಿಗ್ರಿ. ಮೊದಲನೆಯ ದಿನವೇ ಮರದ ನೆರಳಿಗೆ ಬಂದರೆ ಸೂಚ್ಯಂಕ 26ಕ್ಕೆ ಇಳಿಯುತ್ತದೆ. ನೆರಳಿನ ಬೆಲೆ ಮೂರು ಡಿಗ್ರಿ. ಕಬಿನಿ ಕಾಲುವೆಗಳ ನೀರಿನಿಂದ ಬತ್ತ ಬೆಳೆಯುವ ಬಯಲುಗಳಲ್ಲಿ, ಮೋಡವಿದೆಯೆಂಬ ಧೈರ್ಯದಿಂದ ಮಕ್ಕಳನ್ನು ದಣಿಸುವ ಮೊದಲು ಈ ಲೆಕ್ಕವನ್ನು ನೆನೆಯುವುದು ಮೇಲು.

ಮಕ್ಕಳು ಸ್ವಭಾವದಿಂದಲೇ ದೊಡ್ಡವರಿಗಿಂತ ಶಾಖವನ್ನು ತಾಳಲಾರರೆಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಅಮೆರಿಕದ ಶಿಶುವೈದ್ಯರ ಅಕಾಡೆಮಿ 2011ರಲ್ಲಿ ಆ ಅಭಿಪ್ರಾಯವನ್ನು ತಿದ್ದಿತು: ಸಾಕಷ್ಟು ನೀರು ಕುಡಿದ ಮಗು ದೊಡ್ಡವರಷ್ಟೇ ತಾಳಬಲ್ಲುದು, ಕೆಡುಕು ಬರುವುದು ಹೆಚ್ಚಾಗಿ ಅತಿಯಾದ ಶ್ರಮ, ಸಾಲದ ವಿಶ್ರಾಂತಿ, ನೀರಿನ ಕೊರತೆ, ಸರಿಯಿಲ್ಲದ ಉಡುಪು, ಈಚಿನ ಕಾಯಿಲೆ ಇವುಗಳಿಂದ. ಈ ತಿದ್ದುಪಡಿ ನಮಗೆ ಸಮಾಧಾನಕ್ಕಿಂತ ಹೊಣೆಯನ್ನೇ ಹೆಚ್ಚಾಗಿ ತರುತ್ತದೆ. ಇವುಗಳಲ್ಲಿ ಮಗುವಿನ ಪ್ರಕೃತಿಗೆ ಸೇರಿದುದು ಒಂದೂ ಇಲ್ಲ. ಬಹುಮಟ್ಟಿಗೆ ಎಲ್ಲವೂ ಸ್ಪರ್ಧೆಯನ್ನು ಏರ್ಪಡಿಸುವ ಹಿರಿಯರ ಕೈಯಲ್ಲಿರುವ ಸಂಗತಿಗಳು.

5. ಹೌಸ್ ಅಂಕಗಳ ಒತ್ತಡ

ಇಲ್ಲಿಯೇ ಹೌಸ್ ಪದ್ಧತಿಯ ಗುಣ ದೋಷವಾಗಿ ತಿರುಗುವ ಎಡೆ. ತನಗಾಗಿ ಓಡುವ ಮಗು ಸಾಕೆನಿಸಿದಾಗ ನಿಲ್ಲುತ್ತದೆ. ಹಳ್ಳಿಯ ಬೀದಿಯಲ್ಲಿ ಆಡುವ ಮಕ್ಕಳನ್ನು ನೋಡಿದರೆ ಇದು ತಿಳಿಯುತ್ತದೆ: ಓಡುತ್ತಾರೆ, ನಿಲ್ಲುತ್ತಾರೆ, ಜಗಲಿಯ ಮೇಲೆ ಕೂರುತ್ತಾರೆ, ನೀರು ಕುಡಿದು ಮತ್ತೆ ಓಡುತ್ತಾರೆ. ಹೌಸ್‌ಗಾಗಿ ಓಡುವ ಮಗುವಿಗೆ ಈ ಸ್ವಾತಂತ್ರ್ಯವಿಲ್ಲ. ಅದು ನಿಂತರೆ ಕಳೆಯುವ ಅಂಕ ತನ್ನದಲ್ಲ, ಐವತ್ತು ಅರವತ್ತು ಮಂದಿ ಜೊತೆಗಾರರದು. ಒಗ್ಗಟ್ಟನ್ನು ಕಲಿಸುವ ಆ ಉಪಾಯವೇ ದೇಹ ಕೊಡುವ ಎಚ್ಚರಿಕೆಯನ್ನು ಕಿವಿಗೆ ಹಾಕಿಕೊಳ್ಳದಂತೆ ಮಾಡುತ್ತದೆ.

ಈ ಒತ್ತಡ ಹೆಚ್ಚಾಗಿ ಬೀಳುವುದು ಪ್ರವೀಣ ಓಟಗಾರನ ಮೇಲಲ್ಲ. ಅವನು ವರ್ಷವಿಡೀ ಅಭ್ಯಾಸ ಮಾಡಿದವನು. ಹತ್ತು ಹದಿನಾಲ್ಕು ದಿನ ಬಿಸಿಲಿನಲ್ಲಿ ಕ್ರಮವಾಗಿ ಶ್ರಮಿಸಿದರೆ ದೇಹ ಬೇಗ ಬೆವರಲು ಕಲಿತು ಒಗ್ಗಿಕೊಳ್ಳುತ್ತದೆ. ಕಷ್ಟವಿರುವುದು ತಂಡದ ಸಂಖ್ಯೆ ತುಂಬಲೆಂದು ಕೊನೆಯ ಗಳಿಗೆಯಲ್ಲಿ ಸೇರಿಸಿದ ಮಗುವಿಗೆ. ಹಿಂದಿನ ವಾರ ಜ್ವರದಿಂದ ಮಲಗಿ ಎದ್ದವನಿಗೆ. ಬೆಳಗಿನ ಬಸ್ಸು ಹಿಡಿಯುವ ಅವಸರದಲ್ಲಿ ಏನೂ ತಿನ್ನದೆ ಬಂದವಳಿಗೆ. ಪದ್ಧತಿಯು ಯಾರನ್ನು ಆಟಕ್ಕೆ ಕರೆತರಲೆಂದು ಹುಟ್ಟಿತೋ ಅವರನ್ನೇ ಅದು ದಂಡಿಸಬಾರದು.

ಓಡದೆ ನಿಂತವರ ವಿಷಯವನ್ನೂ ಹೇಳಬೇಕು. ಕ್ರೀಡಾದಿನದ ಉದ್ಘಾಟನೆಯಲ್ಲಿ ಸಾಲಾಗಿ ನಿಂತ ಮಕ್ಕಳು ತಲೆಸುತ್ತಿ ಬೀಳುವುದುಂಟು. ಅಲುಗದೆ ನಿಂತಾಗ ರಕ್ತ ಕಾಲುಗಳಲ್ಲಿ ನಿಲ್ಲುತ್ತದೆ. ಕಾವಿಗೆ ಚರ್ಮದ ರಕ್ತನಾಳಗಳೂ ಹಿಗ್ಗಿರುತ್ತವೆ. ಮಿದುಳಿಗೆ ಹೋಗುವ ರಕ್ತ ಕ್ಷಣಕಾಲ ಕಡಮೆಯಾಗುತ್ತದೆ. ಮಲಗಿಸಿ ಕಾಲನ್ನು ಮೇಲೆತ್ತಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಇದಕ್ಕೆ ಕಾರಣ ಕ್ರೀಡೆಯಲ್ಲ, ಭಾಷಣ. ಅತಿಥಿಗಳು ಚಪ್ಪರದ ಕೆಳಗೂ ಮಕ್ಕಳು ಬಿಸಿಲಿನಲ್ಲೂ ಇರುವ ಏರ್ಪಾಡನ್ನು ತಿರುಗಿಸಲು ಹಣವೇನೂ ಬೇಕಿಲ್ಲ.

6. ಆಟಗಳ ಆಯ್ಕೆ

ಯಾವ ಆಟ ಎಷ್ಟು ಶಾಖವನ್ನು ಹುಟ್ಟಿಸುತ್ತದೆ ಎಂಬುದು ಅದರ ವೇಗಕ್ಕಿಂತ ಅದರಲ್ಲಿರುವ ವಿಶ್ರಾಂತಿಯ ಅಳತೆಯನ್ನು ಅವಲಂಬಿಸಿದೆ. ಈ ದೃಷ್ಟಿಯಿಂದ ನಮ್ಮ ನೆಲದ ಆಟಗಳ ರಚನೆ ಗಮನಾರ್ಹವಾದುದು. ಖೋ-ಖೋ ಆಟದಲ್ಲಿ ಅಂಕಣದ ಮೇಲಿರುವ ಬೆನ್ನಟ್ಟುವ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಸಾಲಾಗಿ ಕುಳಿತಿರುತ್ತಾರೆ, ಓಡುವವನು ಒಬ್ಬ. ತಪ್ಪಿಸಿಕೊಳ್ಳುವ ಪಕ್ಷದಿಂದ ಮೂವರು ಮಾತ್ರ ಒಮ್ಮೆಗೆ ಒಳಗಿರುತ್ತಾರೆ. ಎರಡು ಪಕ್ಷಗಳ ಹದಿನೆಂಟು ಆಟಗಾರರಲ್ಲಿ ಯಾವ ಕ್ಷಣದಲ್ಲಾದರೂ ಓಡುತ್ತಿರುವವರು ನಾಲ್ವರೇ. ಕಬಡ್ಡಿಯಲ್ಲಿ ದಾಳಿಗೆ 30 ಸೆಕೆಂಡುಗಳ ಮಿತಿಯಿದೆ. ಔಟಾದವನು ಹೊರಗೆ ಕೂತು ಉಸಿರು ತಿರುಗಿಸಿಕೊಳ್ಳುತ್ತಾನೆ. ತೀವ್ರವಾದ ಶ್ರಮ, ಅದರ ಬೆನ್ನಿಗೇ ಬಿಡುವು. ಬಿಸಿನಾಡಿನ ದೇಹಕ್ಕೆ ಒಪ್ಪುವ ಲಯವಿದು. ಇದಕ್ಕೆ ಹೋಲಿಸಿದರೆ ಫುಟ್‌ಬಾಲ್, ಹಾಕಿಗಳಲ್ಲಿ ಬಹುತೇಕ ಎಲ್ಲರೂ ಬಹುಕಾಲ ಓಡುತ್ತಿರಬೇಕು. ಅವನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಅರ್ಧಗಳನ್ನು ಮೊಟಕುಮಾಡಿ, ನಡುನಡುವೆ ನೀರಿನ ವಿರಾಮವಿಟ್ಟು, ಬದಲಿ ಆಟಗಾರರನ್ನು ಧಾರಾಳವಾಗಿ ಬಿಡಬೇಕು.

ಆಟದ ಹೊತ್ತನ್ನು ಆರಿಸುವುದರಲ್ಲಿಯೂ ನಮ್ಮ ಹಿರಿಯರಿಗೆ ತಿಳಿವಳಿಕೆಯಿತ್ತು. ಮೈಸೂರಿನ ಗರಡಿಮನೆಗಳಲ್ಲಿ ಸಾಧನೆ ಮುಂಜಾನೆ ಅಥವಾ ಸಂಜೆ. ಅದೂ ಮಾಡಿನ ಕೆಳಗೆ, ಮಟ್ಟಿಯ ತಂಪಿನ ಮೇಲೆ. ಉಳುವವನು ಹೊತ್ತು ಮೂಡುವ ಮೊದಲೇ ಆರು ಹೂಡಿ ಬಿಸಿಲೇರುವ ಹೊತ್ತಿಗೆ ನೊಗ ಇಳಿಸುತ್ತಿದ್ದನು. ಎತ್ತಿಗೆ ದೊರೆಯುತ್ತಿದ್ದ ಈ ವಿವೇಚನೆ ಮಗುವಿಗೂ ದೊರೆಯಬೇಕೆಂಬುದು ದೊಡ್ಡ ಬೇಡಿಕೆಯಲ್ಲ.

7. ಶನಿವಾರದ ಬೆಳಗು

ಹಗಲುಶಾಲೆಯ ಕೈಯಲ್ಲಿ ತಂಪಿನ ಹೊತ್ತು ಇಲ್ಲವೆಂದು ಮೇಲೆ ಹೇಳಿದೆವು. ಅದಕ್ಕೆ ಒಂದು ಅಪವಾದವಿದೆ. ನಮ್ಮ ರಾಜ್ಯದ ಶಾಲೆಗಳು ಶನಿವಾರ ಬೆಳಿಗ್ಗೆ ಬೇಗ ಆರಂಭವಾಗಿ ಮಧ್ಯಾಹ್ನಕ್ಕೆ ಮೊದಲೇ ಮುಗಿಯುವುದು ರೂಢಿ. ವಾರದ ಆರು ದಿನಗಳಲ್ಲಿ ಎಂಟು ಗಂಟೆಯ ಎಳೆಬಿಸಿಲು ಶಾಲೆಗೆ ಸಿಗುವುದು ಅಂದೊಂದೇ ದಿನ. ಹೌಸ್ ಸ್ಪರ್ಧೆಗಳ ನಿಜವಾದ ಸ್ಥಾನ ಅದೇ ಎಂಬುದು ನಮ್ಮ ಅಭಿಪ್ರಾಯ.

ಹವೆಯೂ ಇದಕ್ಕೆ ಅನುಕೂಲವಾಗಿದೆ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700ರಿಂದ 800 ಮಿಲಿಮೀಟರ್. ಅದಕ್ಕೆ ಎರಡು ಶಿಖರಗಳಿವೆ: ಮೇ ತಿಂಗಳಲ್ಲಿ ಒಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು. ಈ ಎರಡು ಕಾಲಗಳಲ್ಲಿಯೂ ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ ಗುಡುಗು ಸಿಡಿಲುಗಳೊಡನೆ ಬರುತ್ತದೆ. ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳೂ ಅವುಗಳಿಗಾಗಿ ನಡೆಯುವ ಅಭ್ಯಾಸವೂ ಬಹುಮಟ್ಟಿಗೆ ಮಳೆಗಾಲದಲ್ಲಿಯೇ ಬೀಳುತ್ತವೆ. ಬಯಲಿನಲ್ಲಿ ಮಕ್ಕಳಿರುವಾಗ ಸಿಡಿಲಿನ ಭಯ ಬಿಸಿಲಿನ ಭಯಕ್ಕಿಂತ ಕಡಮೆಯಾದುದಲ್ಲ. ಎರಡನ್ನೂ ತಪ್ಪಿಸುವ ಹೊತ್ತು ಬೆಳಗು.

ಎಷ್ಟು ಹೊತ್ತಿನವರೆಗೆ ಆಡಬಹುದೆಂಬುದಕ್ಕೆ ಯಂತ್ರವಿಲ್ಲದ ಒಂದು ಅಳತೆಗೋಲನ್ನು ಸೂಚಿಸುತ್ತೇವೆ: ಮಗುವಿನ ನೆರಳು. ನೆರಳು ಆಳಿಗಿಂತ ಉದ್ದವಾಗಿರುವಷ್ಟು ಕಾಲ ಸೂರ್ಯ 45 ಡಿಗ್ರಿಗಿಂತ ಕೆಳಗಿರುತ್ತಾನೆ. ಬೆಳಗಿನ ನೆರಳು ಆಳುದ್ದಕ್ಕೆ ಇಳಿದೊಡನೆ ದೂರದ ಓಟಗಳನ್ನು ನಿಲ್ಲಿಸಬೇಕು. ತಾಂಡವಪುರದ ಅಕ್ಷಾಂಶಕ್ಕೆ ಲೆಕ್ಕ ಹಾಕಿದರೆ ಈ ಗಳಿಗೆ ಡಿಸೆಂಬರ್ ಕೊನೆಯಲ್ಲಿ ಹತ್ತೂವರೆಯ ಸುಮಾರಿಗೆ, ಫೆಬ್ರವರಿ ನಡುವಿನಲ್ಲಿ 10 ಗಂಟೆ ಕಳೆದ ಸ್ವಲ್ಪ ಹೊತ್ತಿಗೆ, ಜೂನ್‌ನಲ್ಲಿಯೂ ಏಪ್ರಿಲ್‌ನಲ್ಲಿಯೂ 9-20ರ ಸುಮಾರಿಗೆ ಬರುತ್ತದೆ. ಎಂಟು ಗಂಟೆಗೆ ಆರಂಭಿಸಿದರೆ ಯಾವ ತಿಂಗಳಲ್ಲಿಯೂ ಒಂದು ಗಂಟೆಗೆ ಮೇಲ್ಪಟ್ಟ ಕಾಲ ದೊರೆಯುತ್ತದೆ. ಈ ಅಳತೆ ಬೆಳಗಿಗೆ ಮಾತ್ರ ಸಲ್ಲುತ್ತದೆಂಬುದನ್ನು ಒತ್ತಿ ಹೇಳಬೇಕು. ಮಧ್ಯಾಹ್ನದ ನಂತರ ನೆರಳು ಉದ್ದವಾದರೂ ನೆಲ ಮತ್ತು ಗಾಳಿಗಳ ಕಾವು ಉಳಿದಿರುತ್ತದೆ. ಮೋಡ ಕವಿದ ತೇವದ ದಿನಗಳಲ್ಲಿಯೂ ಇದೊಂದನ್ನೇ ನೆಚ್ಚಬಾರದು.

ಜೂನ್‌ನಿಂದ ಫೆಬ್ರವರಿಯವರೆಗೆ ರಜಗಳನ್ನು ಕಳೆದರೂ ಸುಮಾರು ಮೂವತ್ತು ಶನಿವಾರಗಳು ಉಳಿಯುತ್ತವೆ. ಒಂದು ದಿನದ ಮಹೋತ್ಸವದಲ್ಲಿ ತುರುಕುವ ಸ್ಪರ್ಧೆಗಳನ್ನು ಇವುಗಳಿಗೆ ಹಂಚಿದರೆ, ಒಂದು ಬೆಳಗಿಗೆ ಒಂದೆರಡು ಸ್ಪರ್ಧೆ ಬೀಳುತ್ತದೆ. ಪಾಠದ ಅವಧಿಗಳು ಕಡಮೆಯಾಗುವುವೆಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕೆ ಉತ್ತರ, ತರಗತಿಗಳನ್ನು ಸರದಿಯ ಮೇಲೆ ಬಯಲಿಗೆ ಬಿಡುವುದು. ಹಾಗೆ ಮಾಡಿದರೆ ಪ್ರತಿ ತರಗತಿ ಕಳೆದುಕೊಳ್ಳುವುದು ತಿಂಗಳಿಗೆ ಒಂದೆರಡು ಅವಧಿ. ಅದಕ್ಕೆ ಪ್ರತಿಯಾಗಿ, ಕ್ರೀಡಾದಿನದ ಪೂರ್ವಸಿದ್ಧತೆಯೆಂದು ವಾರಗಟ್ಟಲೆ ನಿಂತುಹೋಗುವ ಪಾಠಗಳು ಉಳಿಯುತ್ತವೆ. ಇದಲ್ಲದೆ, ವರ್ಷವಿಡೀ ವಾರವಾರವೂ ಆಡುವ ದೇಹ ಒಂದೇ ದಿನ ಬಿಸಿಲಿಗೆ ಬಿದ್ದ ದೇಹದಂತೆ ಬಳಲುವುದಿಲ್ಲ.

ಅಂಕ ಕೊಡುವ ಕ್ರಮವೂ ಬದಲಾಗಬೇಕು. ಮೊದಲ ಮೂವರಿಗೆ ಮಾತ್ರ ಅಂಕವೆಂಬುದರ ಬದಲು, ವಯಸ್ಸಿಗೆ ತಕ್ಕ ಒಂದು ಮಟ್ಟವನ್ನು ನಿಗದಿಮಾಡಿ, ವರ್ಷದ ಯಾವ ಶನಿವಾರ ಮುಟ್ಟಿದರೂ ಹೌಸ್‌ಗೆ ಒಂದು ಅಂಕ ಸಲ್ಲಬೇಕು. ಇಂದು ಮೈ ಸರಿಯಿಲ್ಲದ ಮಗು ಮುಂದಿನ ವಾರ ಓಡಬಹುದು. ನಿಂತುದರಿಂದ ಜೊತೆಗಾರರಿಗೆ ನಷ್ಟವಿಲ್ಲ. ಬಳಲಿದ ಆಟಗಾರನನ್ನು ತಾನಾಗಿ ಹೊರಕ್ಕೆ ಕರೆಯುವುದು ನಾಯಕನ ಕರ್ತವ್ಯವೆಂದೂ, ಅದಕ್ಕೂ ಒಂದು ಅಂಕವೆಂದೂ ನಿಯಮವಿದ್ದರೆ ಒಗ್ಗಟ್ಟಿಗೆ ಹೊಸದೊಂದು ಅರ್ಥ ಬಂದೀತು. ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ 1953ರಲ್ಲಿಯೇ, ದೈಹಿಕ ಚಟುವಟಿಕೆಗಳು ಒಬ್ಬೊಬ್ಬ ವಿದ್ಯಾರ್ಥಿಯ ತಾಳಿಕೆಗೆ ತಕ್ಕಂತಿರಬೇಕೆಂದು ಸಲಹೆ ಮಾಡಿತ್ತು. ಅಧ್ಯಕ್ಷರು ವೈದ್ಯರಾಗಿದ್ದುದನ್ನು ಇಲ್ಲಿ ನೆನೆಯಬಹುದು. ನಲವತ್ತು ವರ್ಷಕ್ಕೆ ಕಡಮೆ ವಯಸ್ಸಿನ ಅಧ್ಯಾಪಕರೆಲ್ಲರೂ ಮಕ್ಕಳೊಡನೆ ಆಡಬೇಕೆಂಬುದೂ ಆ ಆಯೋಗದ ಸಲಹೆಯೇ. ಜೊತೆಯಲ್ಲಿ ಓಡಿದ ಅಧ್ಯಾಪಕನಿಗೆ ಬಿಸಿಲು ಎಷ್ಟಿದೆಯೆಂದು ಬೇರೆ ಹೇಳಬೇಕಾಗುವುದಿಲ್ಲ.

8. ನೆರಳು, ನೀರು, ನೆಲ

ಉಳಿದ ಸಂಗತಿಗಳನ್ನು ಸಂಗ್ರಹವಾಗಿ ಹೇಳುತ್ತೇವೆ. ಬಯಲಿನ ಪಶ್ಚಿಮ ಮತ್ತು ದಕ್ಷಿಣದ ಅಂಚುಗಳಲ್ಲಿ ಹೊಂಗೆ, ಬೇವುಗಳ ಸಾಲನ್ನು ಬೆಳೆಸುವುದು ಬಹುಕಾಲ ಫಲಕೊಡುವ ಕೆಲಸ. ಏಪ್ರಿಲ್‌ನ ಬೇಗೆಯಲ್ಲಿ ಹೊಸ ಚಿಗುರು ತಳೆದು ದಟ್ಟವಾಗಿ ನಿಲ್ಲುವ ಹೊಂಗೆ ಶಾಲೆಯ ಬಯಲಿಗೆ ಹೇಳಿಮಾಡಿಸಿದ ಮರ. ಓಟದ ಪಥವನ್ನು ಉತ್ತರ-ದಕ್ಷಿಣವಾಗಿ ಹಾಕಿದರೆ ಬೆಳಗಿನ ಸೂರ್ಯ ಕಣ್ಣಿಗೆ ಹೊಡೆಯುವುದಿಲ್ಲ. ಕೆಮ್ಮಣ್ಣಿನ ನೆಲ ಮಳೆ ನಿಂತ ಸ್ವಲ್ಪ ಹೊತ್ತಿಗೆ ಆಟಕ್ಕೆ ಒದಗುತ್ತದೆ. ಕಪ್ಪುಮಣ್ಣು ಮಳೆಯಲ್ಲಿ ಅಂಟಿ ಬೇಸಗೆಯಲ್ಲಿ ಬಿರಿಯುವುದರಿಂದ ಅಲ್ಲಿ ಮೇಲೆ ಗರಸು ಹಾಸಬೇಕಾಗುತ್ತದೆ.

ನೀರು ಕುಡಿಯಲೆಂದೇ ಗಂಟೆ ಬಾರಿಸುವ ಕ್ರಮ 2019ರಲ್ಲಿ ಕೇರಳದ ಶಾಲೆಗಳಲ್ಲಿ ಪ್ರಸಿದ್ಧಿಗೆ ಬಂದು, ಅದೇ ವರ್ಷ ಕರ್ನಾಟಕದಲ್ಲಿಯೂ ಸ್ವೀಕೃತವಾಯಿತು. ಅದು ಒಳ್ಳೆಯ ಕ್ರಮ. ಆದರೆ ಶೌಚಾಲಯ ಸರಿಯಾಗಿಲ್ಲದ ಕಡೆ ಹೆಣ್ಣುಮಕ್ಕಳು ಗಂಟೆ ಹೊಡೆದರೂ ನೀರು ಕುಡಿಯುವುದಿಲ್ಲ. ದಿನವೆಲ್ಲ ಬಾಯಾರಿಕೆಯನ್ನು ತಡೆದುಕೊಳ್ಳುತ್ತಾರೆ. ಅಂತಹ ಶಾಲೆಯಲ್ಲಿ ಬಾಲಕಿಯರ ಓಟವನ್ನು ಏರ್ಪಡಿಸುವ ಮೊದಲು ಏರ್ಪಡಿಸಬೇಕಾದುದು ಬಾಗಿಲು, ಚಿಲಕ, ನೀರುಗಳಿರುವ ಶೌಚಾಲಯವನ್ನು. ಇದನ್ನು ನಾವು ಕ್ರೀಡೆಯ ಹೊರಗಿನ ವಿಷಯವೆಂದು ಎಣಿಸುವುದಿಲ್ಲ.

ನಂಜನಗೂಡಿನ ದೊಡ್ಡ ಜಾತ್ರೆ ಬೇಸಗೆಯ ಬಿಸಿಲಿನಲ್ಲಿಯೇ ನಡೆಯುತ್ತದೆ. ಅಂತಹ ಜಾತ್ರೆಗಳಲ್ಲಿ ಅರವಟ್ಟಿಗೆಗಳನ್ನಿಟ್ಟು ಉಪ್ಪು ಬೆರೆಸಿದ ನೀರುಮಜ್ಜಿಗೆಯನ್ನೂ ಬೆಲ್ಲದ ಪಾನಕವನ್ನೂ ಹಂಚುವುದು ಹಿಂದಿನಿಂದ ಬಂದ ಪದ್ಧತಿ. ಬೆವರಿನಲ್ಲಿ ಹೋದ ನೀರನ್ನೂ ಉಪ್ಪನ್ನೂ ಶಕ್ತಿಯನ್ನೂ ಮರಳಿ ಕೊಡಲು ಇದಕ್ಕಿಂತ ಸುಲಭವಾದ ಉಪಾಯ ಬೇಕಿಲ್ಲ. ಬಯಲಿನ ಅಂಚಿನ ಮರದಡಿ ಶಾಲೆಯೂ ಒಂದು ಅರವಟ್ಟಿಗೆಯನ್ನಿಡಬಹುದು; ಅದನ್ನು ನೋಡಿಕೊಳ್ಳುವ ಸರದಿಯನ್ನು ಹೌಸ್‌ಗಳಿಗೇ ಕೊಡಬಹುದು.

ಇಷ್ಟಾದರೂ ಯಾವುದಾದರೊಂದು ಮಗು ಬಿಸಿಲಿನ ಶ್ರಮದಲ್ಲಿ ಮೈ ಸುಡುತ್ತ, ಮಾತು ತೊದಲುತ್ತ, ದಿಕ್ಕುತೋಚದಂತೆ ವರ್ತಿಸಿದರೆ ಅದನ್ನು ಬರಿಯ ಸುಸ್ತೆಂದು ಬಗೆಯಬಾರದು. ತಡಮಾಡದೆ ನೆರಳಿಗೆ ತಂದು, ಮೈಗೆಲ್ಲ ಧಾರಾಳವಾಗಿ ತಣ್ಣೀರು ಸುರಿದು, ಗಾಳಿ ಬೀಸುತ್ತಿರಬೇಕು. ಎಚ್ಚರ ತಪ್ಪಿದ ಮಗುವಿಗೆ ಕುಡಿಯಲು ಏನನ್ನೂ ಕೊಡಬಾರದು. 108ಕ್ಕೆ ಕರೆ ಮಾಡಬೇಕು. ವಾಹನ ಬರುವವರೆಗೂ ತಂಪುಮಾಡುವುದನ್ನು ನಿಲ್ಲಿಸಬಾರದು.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ತೀರ್ಮಾನಗಳು ಮೂರು. ಮೊದಲನೆಯದಾಗಿ, ಹೌಸ್ ಸ್ಪರ್ಧೆ ವಸತಿಶಾಲೆಯ ಸಂತಾನ; ಮುಂಜಾವು ಮುಸ್ಸಂಜೆಗಳಿಲ್ಲದ ಹಗಲುಶಾಲೆಗೆ ಅದನ್ನು ಹಾಗೆಯೇ ತಂದರೆ, ಆಟ ನಡುಹಗಲಿಗೆ ಬೀಳುತ್ತದೆ. ಎರಡನೆಯದಾಗಿ, ಬಿಸಿಲಿನ ಅಪಾಯ ಒಂದು ಓಟದಲ್ಲಿಲ್ಲ. ನಿಲ್ಲಲಾರದಂತೆ ಮಾಡುವ ಅಂಕಪದ್ಧತಿಯಲ್ಲಿ, ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಅವಸರದಲ್ಲಿದೆ. ಮೂರನೆಯದಾಗಿ, ಶನಿವಾರದ ಬೆಳಗು, ಮಗುವಿನ ನೆರಳು, ಮರ, ಮಜ್ಜಿಗೆ, ನಮ್ಮವೇ ಆದ ಆಟಗಳು ಇವು ಬಹುಮಟ್ಟಿಗೆ ಕೈಗೆಟಕುವಂತಿವೆ.

ಬಿಸಿಲಿಗೆ ಹೆದರಿ ಮಕ್ಕಳನ್ನು ಕೊಠಡಿಯೊಳಗೆ ಕೂರಿಸುವುದು ಇದಕ್ಕೆ ಪರಿಹಾರವಲ್ಲ. ಆಡದೆ ಬೆಳೆದ ದೇಹ ಬಿಸಿಲನ್ನು ಇನ್ನೂ ಕಡಮೆ ತಾಳುತ್ತದೆ. ಆಟ ಎಲ್ಲ ಮಕ್ಕಳಿಗೂ ಸೇರಿದುದು. ತಾಂಡವಪುರದ ಬಯಲಿನಲ್ಲಿ ಎಲ್ಲರಿಗಿಂತ ಕೊನೆಗೆ ಓಡಿಬರುವ ಮಗು ಸಂಜೆಯ ಬಸ್ಸನ್ನು ನಗುನಗುತ್ತ ಹತ್ತಿ ಮನೆ ಸೇರುವಂತೆ ಸ್ಪರ್ಧೆಯನ್ನು ಏರ್ಪಡಿಸಿದ ಶಾಲೆ, ಯಾವ ಬಣ್ಣದ ಹೌಸ್ ಗೆದ್ದರೂ, ತನ್ನ ಕರ್ತವ್ಯವನ್ನು ನೆರವೇರಿಸಿದಂತೆಯೇ ಸರಿ.